ಕಡಲಕ್ಕಿ ಕೇಳುವ ಮಾತು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಕಡಲಿಗೆ ಏರುವುದು ಗೊತ್ತಿತ್ತು, ಇಳಿಯುವುದನ್ನು ಆಗಷ್ಟೇ ಕಲಿಯುತ್ತಿತ್ತು. ಆಗ ಮಾತಿಗೆ ತೂಕವಿತ್ತು. ಆಡಿದ್ದು ಆಡಿದ ಹಾಗೇ ನಡೆದುಬಿಡುತ್ತಿತ್ತು.

ಅದಕ್ಕೇ ಬಂದರಿನಿಂದ ಹೊರಡುವ ಯಾರೂ ಬರೀ "ಹೋಗ್ತೆ" ಎನ್ನುತ್ತಿರಲಿಲ್ಲ. "ಹೋಗಿ ಬತ್ತೆ" ಎನ್ನುತ್ತಿದ್ದರು. 'ಹೋಗ್ತೆ' ಎಂಬ ಮಾತು ದೋಣಿಯನ್ನು ಆಚೆ ಒಯ್ಯುತ್ತಿತ್ತು, 'ಬತ್ತೆ' ಎಂಬ ಮಾತು ಈಚೆ ತರುತ್ತಿತ್ತು.

ಆ ಬಂದರಿನಲ್ಲಿ ದುರ್ಗಿ ಎಂಬ ಹೆಂಗಸಿದ್ದಳು. ಗಂಡ ಜಟ್ಟಿ ಮೀನು ಹಿಡಿಯುವವನು. ಒಂದು ಚಳಿಗಾಲದ ಬೆಳಿಗ್ಗೆ ಇಬ್ಬರಿಗೂ ಕಂಬಳಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಮನೆಯಲ್ಲಿದ್ದದ್ದು ಒಂದೇ ಕಂಬಳಿ. "ನೀವೇ ಹೊದ್ಕಳಿ" ಎಂದು ಅವಳು, "ನಿಂಗೇ ಇರ್ಲಿ" ಎಂದು ಅವನು. ಪ್ರೀತಿಯ ಜಗಳವೇ, ಆದರೂ ಜಗಳ ಜಗಳವೇ. ಜಟ್ಟಿ ಮುಖ ಊದಿಸಿಕೊಂಡು "ಹೋಗ್ತೆ" ಎಂದಷ್ಟೇ ಹೇಳಿ ದೋಣಿ ನೂಕಿದ.

ದೋಣಿ ಮರೆಯಾದ ಮೇಲೆ ದುರ್ಗಿಗೆ ಹೊಳೆಯಿತು. 'ಬತ್ತೆ' ಎಂಬ ಮಾತು ಅವನ ಬಾಯಿಂದ ಬಂದೇ ಇರಲಿಲ್ಲ. ಅಷ್ಟರಲ್ಲಿ ಕಡಲಿನ ಮೇಲೆ ಮಂಜು ಇಳಿಯಿತು.

ಅವಳು ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು, ಹಡಗುಗಳು ಬಂದು ನಿಲ್ಲುವ ಧಕ್ಕೆಯ ಮೇಲೆ ಕೂತಳು. ಉಪ್ಪಿನ ಹಡಗು ಬಂತು. ತೆಂಗಿನಕಾಯಿಯ ಹಡಗು ಬಂತು. ಹಗ್ಗ ಎಸೆದರು, ಮೂಟೆ ಇಳಿಸಿದರು, ಬಿಸಿ ಗಂಜಿ ಕುಡಿದರು. ಜಟ್ಟಿಯ ದೋಣಿ ಬರಲಿಲ್ಲ.

"ಗಾಳಿಯಣ್ಣಾ, ಅವ್ರ ಬಾಯಿಂದ ಆ ಒಂದ್ ಮಾತು ಕೇಳ್ಕಂಡ್ ಬಾ" ಎಂದಳು.

"ನಾನು ಬಾಯಿ ತೆರೆದರೆ ದೋಣಿ ಇನ್ನೂ ದೂರ ಹೋಗುತ್ತದೆ ತಂಗೀ" ಎಂದಿತು ಗಾಳಿ.

"ಹೊಳೆಯಕ್ಕಾ, ನೀನಾದ್ರೂ ಹೋಗ್ ಬಾ."

"ಕಡಲು ಸೇರಿದ ಮೇಲೆ ನನಗೆ ನನ್ನದೇ ಗುರುತು ಸಿಗುವುದಿಲ್ಲ. ನಿನ್ನ ಗಂಡನನ್ನು ಎಲ್ಲಿ ಹುಡುಕಲಿ?" ಎಂದಿತು ಹೊಳೆ.

ಪಕ್ಕದ ಕಂಬದ ಮೇಲೆ ಒಂದು ಬಿಳಿ ಹಕ್ಕಿ ಕೂತಿತ್ತು. ಹಿಮದ ನಾಡಿನಿಂದ ಆ ವರ್ಷವೇ ಮೊದಲ ಸಲ ಬಂದದ್ದು. ಹಿಂದಿನ ದಿನ ದುರ್ಗಿ ಅದಕ್ಕೆ ಎರಡು ತಾರ್ಲೆ ಮೀನು ಕೊಟ್ಟಿದ್ದಳು. ಅದಕ್ಕೆ ಈ ಸೀಮೆಯ ಮಾತು ಬಾರದು, ಕಣ್ಣೀರು ಮಾತ್ರ ಅರ್ಥವಾಗುತ್ತಿತ್ತು. ಹಾರಿ ಬಂದು ಅವಳ ಹತ್ತಿರ ಕೂತಿತು.

"'ಬತ್ರ್ಯಾ?' ಅಂತ ಕೇಳು. ಅಷ್ಟೇ ಸಾಕು" ಎಂದಳು ದುರ್ಗಿ.

ಹಕ್ಕಿ ಕೊಕ್ಕು ತೆರೆಯಿತು. ಮಾತಿನ ತಲೆ ಜಾರಿಹೋಗಿ ಬಾಲವಷ್ಟೇ ಹೊರಬಂತು. "ಕ್ರ್ಯಾ?"

"ಅವ್ರಿಗೆ ಗೊತ್ತಾಗ್ತದೆ, ಹೋಗು."

ಹಕ್ಕಿ ಮಂಜಿನೊಳಗೆ ಹೋಯಿತು. ಕ್ರ್ಯಾ? ದೂರ. ಕ್ರ್ಯಾ? ಇನ್ನೂ ದೂರ. ಆಮೇಲೆ ಅದೂ ಇಲ್ಲ. ಪಾಪ, ದುರ್ಗಿ ಕಂಬಳಿಯ ಅಂಚನ್ನು ಹಿಂಡುತ್ತಾ ಕೂತಳು.

ಎಷ್ಟೋ ಹೊತ್ತಿನ ಮೇಲೆ ಮತ್ತೆ ಕ್ರ್ಯಾ? ಅದರ ಹಿಂದೆಯೇ ಒಂದು ಗೊಣಗಾಟ. "ಬತ್ತೆ ಮಾರಾಯ್ತಿ, ಬತ್ತೆ ಅಂದ್ನಲ್ಲ. ಎಷ್ಟ್ ಸಲ ಕೇಳ್ತಿ?"

ಮಂಜು ಸರಿದು ದಾರಿ ಬಿಟ್ಟಿತು, ಜಟ್ಟಿಯ ದೋಣಿ ದಡ ಮುಟ್ಟಿತು. ದುರ್ಗಿ ಅಳುತ್ತಲೇ ನಕ್ಕಳು. ನಡುಗುತ್ತಿದ್ದ ಗಂಡನಿಗೆ ಕಂಬಳಿ ಹೊದಿಸಿದಳು. ಈ ಸಲ ಅವನು ಅದನ್ನು ಬಿಗಿಯಾಗಿ ಹೊದ್ದುಕೊಂಡ.

ಬೇಸಿಗೆಗೆ ಹಕ್ಕಿ ತನ್ನ ನಾಡಿಗೆ ಹೊರಟಾಗ ದುರ್ಗಿ ಅದನ್ನೂ ಸುಮ್ಮನೆ ಬಿಡಲಿಲ್ಲ. "ಬತ್ಯಾ?" ಎಂದಳು. "ಕ್ರ್ಯಾ" ಎಂದಿತು ಹಕ್ಕಿ.

ಅದಕ್ಕೇ ಮಗಾ, ಈಗಲೂ ಚಳಿ ಬಿತ್ತೆಂದರೆ ಕಡಲಕ್ಕಿಗಳು ನಮ್ಮ ಬಂದರಿಗೆ ಬರುತ್ತವೆ. ಹೊರಡುವ ಪ್ರತಿ ದೋಣಿಯನ್ನೂ ಸುತ್ತುತ್ತಾ "ಕ್ರ್ಯಾ? ಕ್ರ್ಯಾ?" ಎಂದು ಕೇಳುತ್ತವೆ. ಮೀನಿನ ಆಸೆಯೂ ಉಂಟು, ಸುಳ್ಳು ಯಾಕೆ ಹೇಳಲಿ. ಆದರೆ ದೋಣಿಯಲ್ಲಿ ಯಾರಾದರೂ ತಲೆಯೆತ್ತಿ "ಬತ್ತೆ" ಎನ್ನುವವರೆಗೂ ಅವು ದಡಕ್ಕೆ ಮರಳುವುದಿಲ್ಲ.