ಒಂದು ಬಾಟ್ಲಿ, ಎರಡು ಮುಖ

ನಮ್ಮ ತಿಕೋಟಾ ಕಡೆ ಹಂಚಿನಾಳ, ಸಿದ್ನಾಳ ಅಂತ ಇಬ್ಬರು ಸಾವ್ಕಾರ್ರು ತಮ್ಮ ತೋಟದ ದ್ರಾಕ್ಷಿ ಕೂಡಿಸಿ ಒಂದು ಬಿಳಿ ವೈನ್ ಮಾಡಿಸಿದ್ರು. ವೈನ್ ಒಂದಾತು, ಅವರು ಒಂದಾಗ್ಲಿಲ್ಲ.

ಬಿಡುಗಡೆ ದಿನ ಮುಂಜಾನೆ ಹಂಚಿನಾಳ ಸಾವ್ಕಾರ ಬಂದು ಲೇಬಲ್ ಹಚ್ಚೋ ಹೆಣ್ಮಗಳಿಗೆ ಹೇಳಿದ: "ಎದುರಿಗೆ ನನ್ನ ಹೆಸರು, ಬೆನ್ನಿಗೆ ಸಿದ್ನಾಳಂದು. ಇಲ್ಲಂದ್ರ ಬಾಟ್ಲಿ ಹೊರಗ ಹೋಗೂದಿಲ್ಲ, ನಿನಗ ಕೆಲಸಾನೂ ಇರೂದಿಲ್ಲ."

ಅವನು ಹೋದ ಮ್ಯಾಲೆ ಸಿದ್ನಾಳ ಸಾವ್ಕಾರ ಬಂದ. ಅದೇ ಮಾತು, ಹೆಸರಷ್ಟ ಅದಲುಬದಲು.

ಆಕಿ ಕೆಲಸ ಬಿಡೋ ಪೈಕಿ ಅಲ್ಲ. ಎರಡೂ ಕಡೆ ಒಂದೇ ಅಳತಿ ಲೇಬಲ್ ಹಚ್ಚಿದಳು, ಒಂದೊಂದ್ರಾಗ ಒಬ್ಬೊಬ್ಬರ ಹೆಸರು. ಸಂಜಿಗೆ ಪೇಪರಿನವರ ಫೋಟೋಕ್ಕ ಇಬ್ಬರೂ ಒಬ್ಬೊಬ್ಬರಾಗಿ ನಿಂತಾಗ, ಅವರವರ ಹೆಸರು ಅವರವರಿಗೆ ಕಾಣೋಹಂಗ ಬಾಟ್ಲಿ ಕೈಗೆ ಕೊಟ್ಟಳು. ಇಬ್ಬರೂ ಓದ್ಕೊಂಡು ಹಿಗ್ಗಿದ್ರು. ವೈನ್ ಬಿಡುಗಡೆ ಆತು.

ಮರುದಿನ ಹಂಚಿನಾಳ ಪೇಪರ್ ಹಿಡ್ಕೊಂಡು ಬುಸುಗುಡತಾ ಬಂದ. "ಏನಬೇ ಇದು? ನಾ ಹಿಡಿದ ಬಾಟ್ಲಿ ಮ್ಯಾಲೆ ಅವನ ಹೆಸರು ಕಾಣತೈತಿ."

"ನಿಮ್ಮ ಹೆಸರು ನಿಮ್ಮ ಕಡೆ ಇತ್ತಲ್ರಿ," ಅಂದಳು ಆಕಿ. "ಕೆಳಗಿನ ಫೋಟೋ ನೋಡ್ರಿ. ಬಾಟ್ಲಿ ಹಿಡಿದವರು ಸಿದ್ನಾಳ ಸಾವ್ಕಾರ್ರು, ಹೆಸರು ನಿಮ್ಮದು."

ಹಂಚಿನಾಳ ಪೇಪರ್ ಕಣ್ಣಿನ ಹತ್ರ ತಂದು ಕೆಳಗಿನ ಫೋಟೋ ನೋಡಿದ. ಆಮ್ಯಾಲೆ ಮೆಲ್ಲಕ ಅಂದ: "ಇನ್ಮ್ಯಾಲೆ ಫೋಟೋ ಅಂದ್ರ ಬಾಟ್ಲಿ ಅವನ ಕೈಯಾಗೇ ಕೊಡು."