ಸಾರಿನ ಅಪ್ಪನನ್ನು ಹುಡುಕಿದ್ದು

ಒಂದಾನೊಂದು ಊರಿನಲ್ಲಿ, ಊರೇನೋ ಒಂದೇ, ಎಣಿಸಿದವನಿಗೆ ಬಿಕ್ಕಳಿಕೆ ಬಂದು ಒಂದಾನೊಂದು ಆಗಿಹೋಯಿತು, ಆ ಊರಿನಲ್ಲಿ ಆಕಳಿಕೇಶ್ವರ ಅಂತ ಒಬ್ಬ ದೊರೆ ಇದ್ದ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಇಬ್ಬರು ರಾಣಿಯರಿದ್ದರು. ಯಾವುದರ ಮೇಲೂ ಗಮನವಿರಲಿಲ್ಲ. ಅವನ ಜೀವವೆಲ್ಲ ಒಂದು ಕುಂಡದ ಮೇಲೆ. ಕುಂಡದಲ್ಲಿ ಒಂದು ಭಂಗಿ ಗಿಡ.

ಭಂಗಿ ಸೊಪ್ಪನ್ನು ಊರವರು ಏನಕ್ಕೆ ಬಳಸುತ್ತಿದ್ದರೋ ಅದು ಈ ಕತೆಗೆ ಬೇಡ. ದೊರೆಗಂತೂ ಗೊತ್ತೇ ಇರಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಎಲೆ ಮಾತ್ರ. ಆ ಎಲೆ ಹೇಗಿರುತ್ತೆ ಹೇಳಿ? ಬೆರಳು ಬಿಡಿಸಿ ಎತ್ತಿದ ಕೈ ಇದ್ದ ಹಾಗೆ.

"ಇದು ಎಲೆ ಅಲ್ಲ, ಕೈ," ಅಂದ ದೊರೆ. "ನಮ್ಮನ್ನ ಕಂಡು ಎತ್ತಿದೆ. ಎಷ್ಟು ಚೆಂದದ ಭಂಗಿಯಲ್ಲಿ ನಿಂತಿದೆ ನೋಡಿ! ಅದಕ್ಕೇ ಭಂಗಿ ಗಿಡ."

"ಹೌದು ಬುದ್ಧೀ," ಅಂದ ಮಂತ್ರಿ ಉದ್ದಂಡಯ್ಯ. ಅವನು ಎಲ್ಲದಕ್ಕೂ ಮೊದಲು ಅದನ್ನೇ ಅನ್ನುತ್ತಿದ್ದ.

ಬೆಳಗಾದರೆ ದೊರೆ ಮುಖ ತೊಳೆಯುವ ಮುಂಚೆ ಗಿಡದ ಕೈಗಳನ್ನೆಲ್ಲ ಒಂದೊಂದಾಗಿ ಹಿಡಿದು ಕುಲುಕುತ್ತಿದ್ದ. ಚೆನ್ನಾಗಿದ್ದೀಯಾ? ನಿದ್ದೆ ಬಂತಾ? ಸೊಳ್ಳೆ ಕಚ್ಚಿತಾ? ಎಲ್ಲಾ ಕೈಗೂ ಎಲ್ಲಾ ಪ್ರಶ್ನೆ.

ಕುಂಡ ನೋಡಿಕೊಳ್ಳಲು ಕೆಂಚೀರ ಅನ್ನುವವನನ್ನು ಇಟ್ಟಿದ್ದರು. ಕೆಂಚೀರನಿಗೆ ಗಿಡದ ಗಂಧವೇ ಇರಲಿಲ್ಲ. ಹಿಂದೆ ಅವನು ಅರಮನೆಯ ಜಮಖಾನ ಕೊಡವುತ್ತಿದ್ದ. ಜಮಖಾನದ ಮೇಲೆ ಹೂಬಳ್ಳಿ ನೇಯ್ದಿತ್ತು. ಅವನ ಕಾಲದಲ್ಲಿ ಆ ಬಳ್ಳಿಯ ಒಂದು ಎಲೆಯೂ ಬಾಡಿರಲಿಲ್ಲ. ಇದನ್ನು ಗಮನಿಸಿ ದೊರೆ ಅವನಿಗೆ ಕುಂಡಕ್ಕೆ ಬಡ್ತಿ ಕೊಟ್ಟಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ದೊರೆ ಕಿರುಚಿದ.

"ಕೆಂಚೀರಾ! ಇದೇನೋ ಇದು, ಕೈಗೆ ಅರಿಶಿನ?"

ಕೆಂಚೀರ ಓಡಿ ಬಂದು ನೋಡಿದ. ಎಲ್ಲಕ್ಕಿಂತ ಕೆಳಗಿನ ಎಲೆ ಹಳದಿ ಆಗಿತ್ತು.

"ಯಾರದೋ ಮದುವೆಗೆ ಹೋಗಿ ಬಂದಿದೆ," ಅಂದ ದೊರೆ. "ನಮ್ಮನ್ನ ಕರೀದೆ!"

"ಇಲ್ಲ ಬುದ್ಧೀ, ಎಲ್ಲೂ ಹೋಗಿಲ್ಲ. ಅದಕ್ಕೆ ಕಾಲೇ ಇಲ್ವಲ್ಲ."

"ಅದಕ್ಕೇ ಕೈಗೆ ಮಾತ್ರ ಹಚ್ಚಿದ್ದಾರೆ. ಇದ್ದಿದ್ರೆ ಕಾಲಿಗೂ ಹಚ್ಚೋರು!"

ಮಾರನೇ ದಿನ ಇನ್ನೊಂದು ಕೈ ಹಳದಿಯಾಯಿತು. ಅದರ ಮಾರನೇ ದಿನ ಅದರ ಪಕ್ಕದ್ದು. ದೊರೆ ಮುನಿಸಿಕೊಂಡು ಹಳದಿ ಕೈಗಳನ್ನು ಮುಟ್ಟುವುದನ್ನೇ ಬಿಟ್ಟ. ಕಡೆಗೆ ಅಪ್ಪಣೆ ಕೊಟ್ಟ.

"ಹುಣ್ಣಿಮೆಗೆ ಗಿಡದ ಮೇಲೆ ಒಂದೇ ಒಂದು ಹಳದಿ ಕೈ ಇರಕೂಡದು. ಇತ್ತೋ, ಕೆಂಚೀರನ್ನ ಅದರ ಪಕ್ಕದಲ್ಲೇ ಮಂಡಿವರೆಗೆ ನೆಡಿ. ಸಾಯೋವರೆಗೂ ಕೈ ಎತ್ತಿಕೊಂಡು ನಿಂತಿರಲಿ."

ಕೆಂಚೀರ ಮನೆಗೆ ಹೋಗಿ ಹೆಂಡತಿ ದೇವೀರಿಯ ಮುಂದೆ ಅತ್ತ.

"ನೆಟ್ಟಮೇಲೆ ನೀರು ಹಾಕೋರು ಯಾರು?" ಅಂದಳು ದೇವೀರಿ. "ಈಗಲೇ ಹೇಳ್ತೀನಿ, ಅಷ್ಟು ದೂರ ಬಿಂದಿಗೆ ಹೊತ್ಕೊಂಡು ಬರೋಕೆ ನನ್ನ ಕೈಲಾಗಲ್ಲ."

"ಗಂಡನ್ನ ನೆಡ್ತಾರೆ ಅಂದ್ರೆ ಬಿಂದಿಗೆ ಚಿಂತೆನೇನೆ ನಿಂಗೆ?"

"ಮತ್ತೆ? ನೀನು ಒಣಗಿದ್ರೆ ಬೈಸ್ಕೊಳ್ಳೋಳು ನಾನೇ ತಾನೆ!" ಅಂದು ಅವಳೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇತ್ತ ಮಂತ್ರಿ ಉದ್ದಂಡಯ್ಯ ರೋಗ ಕಂಡುಹಿಡಿದುಬಿಟ್ಟ. "ಬುದ್ಧೀ, ಇದು ಅರಿಶಿನ ಅಲ್ಲ. ಸಾರನ್ನ ಕಲಸಿ ಉಂಡು ಕೈ ತೊಳೆದಿಲ್ಲ, ಅಷ್ಟೇ."

ಸರಿ, ಕೈ ತೊಳೆಸಲು ಶುರು ಮಾಡಿದರು. ತಿಂಡಿ ಆದಮೇಲೆ ಒಂದು ಚೊಂಬು. ಊಟ ಆದಮೇಲೆ ಒಂದು ಚೊಂಬು. ನೀರು ಎಲೆ ಮೇಲಿಂದ ಕುಂಡಕ್ಕಿಳಿಯಿತು. ಮಣ್ಣು ರಾಡಿಯಾಯಿತು. ಗಿಡ ಜೋತುಬಿತ್ತು. ಇನ್ನಷ್ಟು ಕೈ ಹಳದಿಯಾಯಿತು.

"ನಾವು ನೋಡದಾಗ ಮತ್ತೆ ಉಣ್ತಾ ಇದೆ!" ಅಂದ ಮಂತ್ರಿ. "ಬಿಂದಿಗೆ ತನ್ನಿ!"

ಒಂದು ಕಪ್ಪೆ ಬಂದು ಇಲ್ಲಿ ಮನೆ ಖಾಲಿ ಇದೆಯಾ ಅಂತ ವಿಚಾರಿಸಿಕೊಂಡು ಹೋಯಿತು.

ಕೆಂಚೀರ ಕುಂಡವನ್ನು ಅಪ್ಪಿಕೊಂಡು ಕೂತ. ಆಗ ಒಳಗಿಂದ ಗೊಳಗೊಳ ಅಂತ ಸದ್ದು ಬಂತು. ಯಾರೋ ಮಾತಾಡಲು ಒದ್ದಾಡುವ ಹಾಗೆ. ಮಾತಾಡುತ್ತಿದ್ದದ್ದು ಕುಂಡವೇ. ಆದರೆ ಪಾಪ, ಅದರ ಬಾಯಿಗೆ ಮಣ್ಣು ತುಂಬಿದ್ದರು. ಬಾಯಿಗೆ ಮಣ್ಣು ತುಂಬಿದ ಕುಂಡಗಳೆಲ್ಲ ತಳದ ತೂತಿನಿಂದ ಮಾತಾಡುತ್ತವೆ, ಇದು ಎಲ್ಲರಿಗೂ ಗೊತ್ತಿರೋದೇ. ಈ ಕುಂಡಕ್ಕೆ ಆ ದಾರಿಯೂ ಇರಲಿಲ್ಲ. ತೂತು ಕುಂಡ ಅರಮನೆಗೆ ಶೋಭೆಯಲ್ಲ ಅಂತ ದೊರೆ ಅದಕ್ಕೆ ಮೇಣ ಮೆತ್ತಿಸಿದ್ದ.

ಕೆಂಚೀರ ಕುಂಡವನ್ನು ಓರೆ ಮಾಡಿ ಮೇಣ ಕಿತ್ತ. ಮೊದಲು ನೀರು ಬಂತು. ಆಮೇಲೂ ನೀರೇ ಬಂತು. ಕಡೆಗೆ ಮಾತು ಬಂತು.

"ಥೂ ನಿನ್ನ! ಮೇಲೆ ಮಣ್ಣು, ಕೆಳಗೆ ಮೇಣ. ಮಾತಾಡೋದು ಎಲ್ಲಿಂದಯ್ಯಾ?"

"ತಪ್ಪಾಯ್ತು ಕುಂಡಣ್ಣ. ಗಿಡಕ್ಕೇನು ಕಾಯಿಲೆ ಹೇಳಿಬಿಡು."

"ಮೊದಲು ಹಳದಿ ಆಗಿದ್ದು ಮೇಲಿನ ಚಿಗುರೋ, ಕೆಳಗಿನ ಹಳೇ ಎಲೆಯೋ?"

"ಕೆಳಗಿನದು."

"ನರ ಹಸಿರಾಗಿದ್ದು ಮಧ್ಯೆ ಮಾತ್ರ ಹಳದಿಯೋ, ಇಡೀ ಎಲೆ ಹಳದಿಯೋ?"

"ಇಡೀ ಎಲೆ ಕಣಣ್ಣ. ಬಣ್ಣದಲ್ಲಿ ಅದ್ದಿದ ಹಾಗೆ."

"ಹಾಗಾದ್ರೆ ಸಾರಜನಕ ಸಾಲದು," ಅಂತ ಹೇಳಿ ಕುಂಡ ನೆಟ್ಟಗೆ ಕೂತುಕೊಂಡಿತು.

ಕೆಂಚೀರ ಶಾಲೆಯವರೆಗೆ ಹೋಗಿದ್ದ, ಒಳಗೆ ಹೋಗಿರಲಿಲ್ಲ. ಆದರೂ ಬುದ್ಧಿವಂತ. ಮಾತನ್ನು ಬಿಡಿಸಿ ನೋಡಿದ. ಜನಕ ಅಂದರೆ ಅಪ್ಪ. ಸಾರ ಅಂದರೆ ಸಾರು, ಇನ್ನೇನು? ಸಾರಜನಕ ಅಂದರೆ ಸಾರಿನ ಅಪ್ಪ! ಹೋಗಿ ದೊರೆಗೆ ಹೇಳಿದ.

"ಸಾರಿಗೆ ಅಪ್ಪ ಇದಾನಾ?" ದೊರೆಗೆ ನಾಚಿಕೆಯಾಯಿತು. "ಇಷ್ಟು ವರ್ಷ ಉಂಡ್ವಿ. ಒಂದು ದಿನವಾದ್ರೂ ಅದರ ಮನೆತನ ವಿಚಾರಿಸಿದ್ವಾ?"

ಡಂಗುರ ಸಾರಿದರು. ಸಾರಿನ ಅಪ್ಪ ಎಲ್ಲಿದ್ದರೂ ಬರಬೇಕು. ಬಂದವರು ಒಬ್ಬರಲ್ಲ.

"ಅದರ ಹುಳಿ ಮುಖ ನೋಡಿ, ನಂದೇ ಪಡಿಯಚ್ಚು," ಅಂತು ಹುಣಸೆಹಣ್ಣು.

"ಅದರ ಸಿಟ್ಟು ನೋಡಿ, ನಂದೇ," ಅಂತು ಒಣಮೆಣಸಿನಕಾಯಿ.

ಇಂಗು ಕಾಣಿಸಲೇ ಇಲ್ಲ, ಬರೀ ವಾಸನೆ ಬಂತು. "ಬೀದಿಯಲ್ಲಿ ಅದಕ್ಕೆ ಹೆಸರು ಬಂದದ್ದೇ ನನ್ನಿಂದ," ಅಂತು ವಾಸನೆ.

ಸಾರಿನ ಪಾತ್ರೆಯನ್ನೇ ಸಭೆಗೆ ತರಿಸಿದರು. "ಮಗೂ," ಅಂದ ದೊರೆ, "ಇವರಲ್ಲಿ ನಿಮ್ಮಪ್ಪ ಯಾರು?"

ಸಾರು ಕೊತಕೊತ ಕುದಿಯಿತು. "ಕೂಗಾಡೋರು ಯಾರೂ ಅಲ್ಲ. ಸೌಟು ಹಾಕಿ ತಳ ಕಲಕಿ ನೋಡಿ."

ಕಲಕಿದರು. ತಳದಲ್ಲಿ ತೊಗರಿಬೇಳೆ ಸುಮ್ಮನೆ ಕೂತಿತ್ತು. ಎಲ್ಲರ ಭಾರ ತಲೆ ಮೇಲೆ. ಬೇಯಿಸಿದರೂ ಮಾತಿಲ್ಲ, ಕರಗಿದರೂ ಮಾತಿಲ್ಲ, ಬಡಿಸುವಾಗ ಯಾರೂ ಕೇಳುವುದಿಲ್ಲ. ಸಭೆಯಲ್ಲಿದ್ದ ಅಪ್ಪಂದಿರೆಲ್ಲ ಗೊಳೋ ಅಂತ ಅತ್ತರು. "ಇವನೇ! ಇವನೇ ಅಪ್ಪ!"

ಕೆಂಚೀರ ಬೇಳೆಯ ಮುಂದೆ ಕೈಮುಗಿದ. "ಬಾರಪ್ಪಾ, ಕುಂಡದಲ್ಲಿ ಕೂತು ನನ್ನ ಜೀವ ಉಳಿಸು."

"ನಾನು ಬರೀ ಅರ್ಧ ಕಣಪ್ಪ," ಅಂತು ಬೇಳೆ. "ಬೀಸೋಕಲ್ಲಲ್ಲಿ ನನ್ನ ಇನ್ನರ್ಧ ಬೇರೆಯಾಯ್ತು. ಈಗ ಯಾರ ಮನೆ ಒಬ್ಬಟ್ಟಲ್ಲಿದೆಯೋ! ಅರ್ಧ ಅಪ್ಪ ಮೊಳೆಯೋದಿಲ್ಲ. ಒಡೆಯದ ತೊಗರಿಕಾಳನ್ನ ಕರ್ಕೊಂಡು ಹೋಗು. ಅದು ನಮ್ಮಪ್ಪ, ಸಾರಿಗೆ ತಾತ."

"ಅಪ್ಪನ್ನ ಕೇಳಿದ್ರೆ ತಾತನೇ ಸಿಕ್ಕ!" ಅಂತ ದೊರೆ ಕುಣಿದ.

ಒಂದು ಹಿಡಿ ತಾತಂದಿರನ್ನು ಗಿಡದ ಬುಡದ ಸುತ್ತ ಮರ್ಯಾದೆಯಿಂದ ಹೂತರು. ಚೊಂಬು ಹಿಡಿದು ಬಂದ ಮಂತ್ರಿಯನ್ನು ಕೆಂಚೀರ ತಡೆದ. "ವಯಸ್ಸಾದೋರು ಇರೋ ಮನೇಲಿ ಯಾರಾದ್ರೂ ನೀರು ಚೆಲ್ತಾರಾ ಸ್ವಾಮಿ? ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ?" ಕೈ ತೊಳೆಸುವುದು ನಿಂತಿತು. ಮಣ್ಣು ಆರಿತು. ತೊಗರಿ ಮೊಳೆಯಿತು. ಜೋತುಬಿದ್ದ ಹಳದಿ ಕೈಗಳು ಒಂದೊಂದಾಗಿ ಉದುರತೊಡಗಿದವು. ಗಿಡ ಹೊಸ ಹಸಿರು ಕೈಗಳನ್ನು ಒಂದರ ಮೇಲೊಂದು ಎತ್ತಿತು.

ಹುಣ್ಣಿಮೆ ಬಂತು. ದೊರೆ ಮಂದಿ ಕಟ್ಟಿಕೊಂಡು ನೋಡಲು ಬಂದ. ಮೇಲೆ ಹಸಿರು, ನಡುವೆ ಹಸಿರು. ಎಲ್ಲಕ್ಕಿಂತ ಕೆಳಗೆ ಒಂದೇ ಒಂದು ಹಳದಿ ಕೈ.

"ಕುಂಡಣ್ಣ, ಇದ್ಯಾಕೆ ಹಸಿರಾಗಿಲ್ಲ?" ಕೆಂಚೀರ ಬಗ್ಗಿ ಪಿಸುಗುಟ್ಟಿದ.

"ಒಂದ್ಸಲ ಪೂರ್ತಿ ಹಳದಿ ಆದದ್ದು ಮತ್ತೆ ಹಸಿರಾಗಲ್ಲ."

"ಮುಂಚೆ ಹೇಳೋಕೇನಾಗಿತ್ತು?"

"ನೀನು ಕೇಳಲೇ ಇಲ್ವಲ್ಲ."

ಆಳುಗಳು ಗುದ್ದಲಿ ತಂದರು. ದೇವೀರಿ ಟವಲ್ ತಂದು ಅವನ ತಲೆಗೆ ಸುತ್ತಿದಳು. "ಬಿಸಿಲು ಜಾಸ್ತಿ," ಅಂದಳು. ಕೆಂಚೀರ ಪಂಚೆಯನ್ನು ಮಂಡಿಗೆತ್ತಿ ಕಟ್ಟಿದ.

"ಬುದ್ಧೀ, ಒಂದು ಮಾತು. ಇನ್ನು ಸಾಯೋವರೆಗೂ ಇದರ ಪಕ್ಕ ನಿಲ್ಲಬೇಕು ನಾನು. ನೀವಿಬ್ಬರೂ ಹೀಗೆ ಮುಖ ತಿರುಗಿಸ್ಕೊಂಡಿದ್ರೆ ನಡುವೆ ಸಿಕ್ಕಿ ಸಾಯೋನೂ ನಾನೇ. ಆ ಹಳದಿ ಕೈ ಜೊತೆ ಒಂದ್ಸಲ ರಾಜಿ ಆಗಿಬಿಡಿ."

ದೊರೆಗೂ ಒಳಗೊಳಗೇ ಅದೇ ಆಸೆ ಇತ್ತು. ಬಿಗುಮಾನ ಬಿಡದೆ ಬಗ್ಗಿದ. "ಹೂಂ, ಕೊಡು ಕೈ," ಅಂದ.

ಗಿಡ ಕೊಟ್ಟೇಬಿಟ್ಟಿತು. ಹಳದಿ ಕೈ ತೊಟ್ಟುಸಮೇತ ಕಳಚಿ ದೊರೆಯ ಅಂಗೈಯಲ್ಲಿ ಕೂತಿತು.

"ಅಯ್ಯಯ್ಯೋ!" ಮಂತ್ರಿ ಬಾಯಿ ಬಡಿದುಕೊಂಡ. "ಗಿಡ ಬುದ್ಧಿಯವರಿಗೆ ಕೈ ಕೊಡ್ತು!"

ದೊರೆ ಎಲೆಯನ್ನು ಗಿಡದ ಮುಂದೆ ಹಿಡಿದ. "ನಾನು ಇಷ್ಟು ಹಚ್ಕೊಂಡಿದ್ದೆ. ನನಗೇ ಕೈ ಕೊಡ್ತಾ?"

"ಕೊಡು ಅಂದವರು ನೀವೇ ತಾನೆ ಬುದ್ಧೀ?" ಅಂದ ಕೆಂಚೀರ. "ಅದು ಕಿತ್ತು ಕೊಟ್ಟಿದೆ! ಇಷ್ಟು ಪ್ರೀತಿ ಎಲ್ಲಿ ಸಿಗುತ್ತೆ? ನಿಮ್ಮ ಮಂತ್ರಿಗಳನ್ನೇ ಕೇಳಿ ನೋಡಿ, ಕಿತ್ತು ಕೊಡ್ತಾರಾ ಅಂತ."

ದೊರೆ ಮಂತ್ರಿಯತ್ತ ತಿರುಗಿದ. ಉದ್ದಂಡಯ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಹೌದು ಬುದ್ಧೀ ಅನ್ನದೆ ನಿಂತದ್ದು ಅವನ ಜನ್ಮದಲ್ಲಿ ಅದೇ ಮೊದಲು.

ದೊರೆ ಎಲೆಯನ್ನು ಎದೆಗೊತ್ತಿಕೊಂಡು ಹೋ ಅಂತ ಅತ್ತ. ಆಳುಗಳು ಗಿಡವನ್ನು ಸುತ್ತಿ ಸುತ್ತಿ ನೋಡಿದರು. ಗಿಡದ ಮೇಲೆ ಹಳದಿ ಕೈ ಒಂದೂ ಇಲ್ಲ. ಹಾಗಾದರೆ ನೆಡುವುದು ಯಾರನ್ನ? ಗುದ್ದಲಿ ಹೆಗಲಿಗೇರಿಸಿ ಹೋದರು. ಕೆಂಚೀರ ಪಂಚೆ ಇಳಿಬಿಟ್ಟ.

ಅಂದಿನಿಂದ ದೊರೆಗೆ ಮೂರು ಕೈ. ಮೂರನೆಯದರಿಂದ ಅವನು ಯಾವ ಕೆಲಸವನ್ನೂ ಮಾಡಿಸಲಿಲ್ಲ. ಮೊದಲೆರಡರದ್ದೂ ಅದೇ ಪಾಡಾಗಿದ್ದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ನೀತಿ ಏನಪ್ಪಾ ಅಂದರೆ, ದೊಡ್ಡವರು ಕೈ ಕೊಡು ಅನ್ನುವ ಮುಂಚೆಯೇ ಬೇಡದ ಕೈ ಒಂದನ್ನು ಒಣಗಿಸಿ ಇಟ್ಟುಕೊಂಡಿರಬೇಕು.

ಹೇಳಿದವರ ಗಂಟಲು ಒಣಗಿತು, ಕೇಳಿದವರ ಕಾಲು ಜೋಮು ಹಿಡಿಯಿತು, ಕತೆ ಮಾತ್ರ ಯಾರದೋ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಬೀದಿಗೆ ಹೋಯಿತು.