ಹಾಲು ಈ ಕಡೆ, ನೀರು ಆ ಕಡೆ

ಒಬ್ಬಳು ದ್ಯಾವಮ್ಮ, ಅವಳಿಗೊಬ್ಬ ಮಗ ಬೊಮ್ಮ. ಅವಳಿಗೆ ನಿಂತಲ್ಲಿ ನಿಲ್ಲೋಕಾಗದು, ಅವನಿಗೆ ಹೇಳಿದ್ದು ಬಿಡೋಕಾಗದು. ಹಾಲಿನ ಡೇರಿಯಲ್ಲಿ ದುಡಿದು ದುಡಿದು ಅವಳ ಮಂಡಿ ಸವೆದಿತ್ತು. ವಾರದೊಳಗೆ ಮಗ ಕೆಲಸ ಕಲಿತರೆ ಅವಳ ಜಾಗ ಅವನಿಗೆ, ಅವಳಿಗೆ ಬಿಡುಗಡೆ.

ರಾಚಪ್ಪ ಮೇಸ್ತ್ರಿ ಒಂದು ಉದ್ದನೆಯ ಉಕ್ಕಿನ ಡ್ರಮ್ಮು ತೋರಿಸಿದ. "ಇದರೊಳಗೆ ನೂರು ಕೊಳವೆ. ಕೊಳವೆಯೊಳಗೆ ಕಾದ ಹಾಲು, ಸುತ್ತ ತಣ್ಣೀರು. ಹಾಲು ಆರಬೇಕಾದ್ರೆ ನೀರು ಹರೀತಾನೇ ಇರಬೇಕು. ನಿಲ್ಲಿಸ್ಬೇಡ!"

ಬೊಮ್ಮ ನಿಲ್ಲಿಸಲಿಲ್ಲ. ಹಾಲು ಮುಗೀತು, ನೀರು ಹರೀತು. ಜನ ಮನೆಗೆ ಹೋದರು, ನೀರು ಹರೀತು. ಬೆಳಗ್ಗೆ ನೋಡಿದರೆ ಟ್ಯಾಂಕಲ್ಲಿ ಹನಿ ನೀರಿಲ್ಲ!

"ಅಯ್ಯೋ ದಡ್ಡ ಮುಂಡೇದೇ!" ದ್ಯಾವಮ್ಮ ಹಣೆ ಚಚ್ಚಿಕೊಂಡಳು. "ಹಾಲು ನಿಂತ್ರೆ ನೀರೂ ನಿಲ್ಲಿಸ್ಬೇಕು ಕಣೋ!"

"ಹಂಗೇ ಮಾಡ್ತೀನಿ ಕಣವ್ವ!"

ಮಾರನೇ ದಿನ ಕ್ಯಾನು ಬದಲಾಯಿಸುವಾಗ ಹಾಲು ಒಂದು ಗಳಿಗೆ ನಿಂತಿತು. ಇವನು ನೀರು ನಿಲ್ಲಿಸಿದ. ಹಾಲು ಮತ್ತೆ ಬಂತು. ನೀರು ಮತ್ತೆ ಬಿಡು ಅಂತ ಯಾರು ಹೇಳಿದ್ದರು? ಹಾಲು ಒಡೀತು, ಕೊಳವೆಗೆಲ್ಲ ಅಂಟಿ ಪದರ ಕಟ್ಟಿತು.

"ಪದರ ಕೂತ್ರೆ ತಂಪು ದಾಟೋದು ಹೆಂಗ್ಲಾ?" ಮೇಸ್ತ್ರಿ ಕುಣಿದಾಡಿದ. "ಎಲ್ಲಿ ಪದರ ಕಂಡ್ರೂ ಕಿತ್ತು ತೆಗಿ!"

ನಾಲ್ಕನೇ ದಿನ ಡೇರಿಯ ಅಧ್ಯಕ್ಷರು ಬಂದರು. ಮೈಮೇಲೆ ಕೋಟು, ಕೋಟಿನ ಮೇಲೆ ಶಾಲು. "ಉಸ್ಸಪ್ಪಾ, ಸೆಕೆ!" ಅಂದರು. ಅಷ್ಟೇ. ಬೊಮ್ಮ ಶಾಲು ಕಿತ್ತ, ಕೋಟು ಕಿತ್ತ, ಅಂಗಿ ಗುಂಡಿಗೆ ಕೈ ಹಾಕಿದ!

"ಏಯ್! ಏನೋ ಇದು!"

"ಪದರ ಸ್ವಾಮಿ! ತಂಪು ದಾಟ್ತಿಲ್ಲ!"

ದ್ಯಾವಮ್ಮ ಓಡಿಬಂದು ಅಧ್ಯಕ್ಷರ ಕಾಲು ಹಿಡಿದಳು, ಎದ್ದು ಮಗನ ಕಿವಿ ಹಿಂಡಿದಳು. "ದೊಡ್ಡೋರ ಮೈಮೇಲೆ ಕೈ ಹಾಕ್ತಾರೇನೋ? ಆ ಡ್ರಮ್ಮೊಳಗೆ ನೋಡು! ಹಾಲು ಈ ಕಡೆಯಿಂದ ಬಂದ್ರೆ ನೀರು ಆ ಕಡೆಯಿಂದ ಬರುತ್ತೆ, ತಾಕದಂಗೆ ಪಕ್ಕದಲ್ಲೇ ದಾಟಿ ಹೋಗುತ್ತೆ. ದೊಡ್ಡೋರ ಹತ್ರ ಹಂಗಿರು!"

ಶನಿವಾರ ಬಂತು. ದ್ಯಾವಮ್ಮನ ಮಂಡಿ ನೋಡಿ ಅಧ್ಯಕ್ಷರಿಗೆ ಮರುಕ. ಕೆಲಸದ ಆರ್ಡರು ಹಿಡಿದು ತಾವೇ ಬೊಮ್ಮನ ಎದುರಿಗೆ ನಡೆದರು. "ತಗೋಪ್ಪಾ."

ಬೊಮ್ಮ ತಾಕದಂಗೆ ಪಕ್ಕದಲ್ಲೇ ದಾಟಿಹೋದ. ಅವರು ತಿರುಗಿದರು, ಅವನೂ ತಿರುಗಿದ, ಮತ್ತೆ ದಾಟಿದ. "ತಗೊಳ್ಳೋ!" ಸರ್ರ್! "ನಿಲ್ಲೋ!" ಸರ್ರ್! ಅಧ್ಯಕ್ಷರಿಗೆ ಬೆವರು ಕಿತ್ತುಕೊಂಡು ಬಂತು. ಕಾಗದ ಮಡಚಿ ಜೇಬಿಗಿಟ್ಟರು.

"ದ್ಯಾವಮ್ಮ, ಸೋಮವಾರ ನೀನೇ ಬಾರಮ್ಮ."

ದ್ಯಾವಮ್ಮ ಮಂಡಿ ನೀವಿಕೊಂಡು ಗೇಟು ದಾಟಿದಳು. "ನಡಿಯೋ ಮನೆಗೆ" ಅಂತ ಎಡಕ್ಕೆ ತಿರುಗಿದಳು. ಮಗ ಬಲಕ್ಕೆ ತಿರುಗಿ ಬಿರಬಿರನೆ ಹೊರಟ.

"ಮನೆ ಈ ಕಡೆ ಕಣೋ!"

"ಗೊತ್ತು ಕಣವ್ವ!" ಹೋಗುತ್ತ ಹೋಗುತ್ತಲೇ ಕೂಗಿದ. "ನೀನು ನನಗಿಂತ ದೊಡ್ಡೋಳಲ್ವಾ?"